ಅಟ್ಟದ ಕೊಬ್ಬರಿ, ಅಮಿಶ್ ಕುಕೀಸ್

ಓವನ್ ಇಲ್ಲ, ಬೀಟರ್ ಇಲ್ಲ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ. ಇಂಥ ಅಡುಗೆಮನೇಲಿ ಚಾಕೊಲೇಟ್ ಚಿಪ್ ಕುಕೀಸ್ ಆಗುತ್ತಾ? ಆರಾಮಾಗಿ ಆಗುತ್ತೆ. ಈ ವಾರ ಅದರ ರೆಸಿಪಿ ಹೇಳ್ತೀನಿ. ಜೊತೆಗೆ ಒಂದು ಲೆಕ್ಕವನ್ನೂ ಹೇಳ್ತೀನಿ. ಯಾಕಂದ್ರೆ ನಮ್ಮನೇಲಿ ಇದು ಶುರುವಾಗಿದ್ದು ಬರೀ ಬಾಯಿ ಚಪಲಕ್ಕಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾ, ಒಹಾಯೊ ಕಡೆ ಅಮಿಶ್ ಅನ್ನೋ ಸಮುದಾಯ ಇದೆ. 18ನೇ ಶತಮಾನದಲ್ಲಿ ಯುರೋಪಿನಿಂದ ಅಲ್ಲಿಗೆ ವಲಸೆ ಹೋದ ಕ್ರೈಸ್ತರು. ಇವತ್ತಿಗೂ ಓಡಾಟಕ್ಕೆ ಕುದುರೆಗಾಡಿ. ಹೆಚ್ಚಿನ ಮನೆಗಳಿಗೆ ಹೊರಗಿನ ವಿದ್ಯುತ್ ಲೈನ್ ಇರೋದಿಲ್ಲ, ಗ್ಯಾಸ್ ಅಥವಾ ಸೌದೆ ಒಲೆಯಲ್ಲೇ ಅಡುಗೆ. ಆದ್ರೂ ಅವರ ಬ್ರೆಡ್ಡು, ಪೈ, ಕುಕೀಸ್‌ಗೆ ಒಳ್ಳೆ ಹೆಸರಿದೆ. ಹೆಂಗಸರು ಮನೇಲಿ ಬೇಕ್ ಮಾಡಿ ರಸ್ತೆ ಬದಿಯಲ್ಲಿ ಮಾರುತ್ತಾರೆ. ಅವರ ಪ್ರಾರ್ಥನೆ ನಡೆಯೋದು ಸರದಿ ಪ್ರಕಾರ ಒಬ್ಬೊಬ್ಬರ ಮನೇಲಿ, ಬಂದವರಿಗೆಲ್ಲ ಊಟ. ಹಾಗಾಗಿ ಅವರ ರೆಸಿಪಿಗಳಲ್ಲಿ ನಾಜೂಕು ಕಡಿಮೆ: ಒಂದು ಬೋಗುಣಿ, ಒಂದು ಮರದ ಸೌಟು, ಕೈಯಲ್ಲಿ ಹಿಟ್ಟು ತೆಗೆದು ತಟ್ಟೆಗೆ ಇಡೋದು.

ಚಾಕೊಲೇಟ್ ಚಿಪ್ಸ್ ಪ್ಯಾಕೆಟ್ ಕೂಡ ಬೇಕಿಲ್ಲ. 1930ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನ ಟೋಲ್ ಹೌಸ್ ಇನ್ ನಡೆಸುತ್ತಿದ್ದ ರೂತ್ ವೇಕ್‌ಫೀಲ್ಡ್ ಈ ಕುಕೀಸ್‌ನ ಹೆಸರುವಾಸಿ ಮಾಡಿದಾಗ, ಚಾಕೊಲೇಟ್ ಬಾರನ್ನೇ ಕತ್ತರಿಸಿ ಹಾಕಿದ್ದರು. ನಾವೂ ಹಾಗೇ ಮಾಡೋಣ.

ಈಗ ನಮ್ಮೂರಿನ ವಿಷಯ. ಚಿಕ್ಕಮ್ಮನ ಮನೆ ಇರೋದು ಬೋರನಕಣಿವೆ ಹತ್ತಿರ. ಸುವರ್ಣಮುಖಿ ಹೊಳೆಗೆ ಮಹಾರಾಜರ ಕಾಲದಲ್ಲಿ ಕಟ್ಟಿದ ಜಲಾಶಯ ಇದೆಯಲ್ಲ, ಅದೇ ಊರು. ಸುತ್ತ ತೆಂಗಿನ ತೋಟ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿದರೆ ಉಂಡೆ ಕೊಬ್ಬರಿ ಆಗೋದಕ್ಕೆ ಹತ್ತು ಹನ್ನೊಂದು ತಿಂಗಳು ಬೇಕು. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಗಡಗಡ ಅನ್ನುತ್ತೆ. ಆಮೇಲೆ ಸುಲಿದು, ಒಡೆದು, ತಿಪಟೂರು ಎಪಿಎಂಸಿ ಹರಾಜಿಗೆ. ಅಲ್ಲಿಂದ ಡ್ರೈಫ್ರೂಟ್ ಆಗಿ ಉತ್ತರ ಭಾರತಕ್ಕೆ ಹೋಗುತ್ತೆ. ಒಡೆಯುವಾಗ ಚೂರಾದ ಕೊಬ್ಬರಿಗೆ ಉಂಡೆಯ ಬೆಲೆ ಸಿಗೋದಿಲ್ಲ.

ನಾನು ತಿಂಗಳಿಗೊಂದು ವಾರ ಅಲ್ಲಿಂದಲೇ ವರ್ಕ್ ಫ್ರಂ ಹೋಮ್. ಹೋದ ಸಲ ಚಿಕ್ಕಮ್ಮ ಕೇಳಿದರು: "ಕೊಬ್ಬರಿ ದುಡ್ಡು ವರ್ಷಕ್ಕೊಂದು ಸಲ ಬರುತ್ತೆ, ಅದೂ ನಿಮ್ಮ ಚಿಕ್ಕಪ್ಪನ ಅಕೌಂಟಿಗೆ. ನನ್ನ ಕೈಗೆ ತಿಂಗಳಾ ನಾಲ್ಕು ಕಾಸು ಬರೋ ಹಂಗೆ ಏನಾದ್ರೂ ಇದ್ರೆ ಹೇಳಪ್ಪ." ಅವರ ಸಂಘದ ಇನ್ನಿಬ್ಬರದೂ ಇದೇ ಮಾತು. ಚೂರು ಕೊಬ್ಬರಿ ಮನೇಲೇ ಇತ್ತು. ಹಾಗೆ ಶುರುವಾಯ್ತು.

24 ಕುಕೀಸ್‌ಗೆ ಬೇಕಾಗಿದ್ದು

- ಮೈದಾ 200 ಗ್ರಾಂ
- ಬೆಣ್ಣೆ 100 ಗ್ರಾಂ
- ಬೆಲ್ಲದ ಪುಡಿ 100 ಗ್ರಾಂ, ಸಕ್ಕರೆ ಪುಡಿ 30 ಗ್ರಾಂ
- ಡಾರ್ಕ್ ಚಾಕೊಲೇಟ್ 80 ಗ್ರಾಂ, ಚಾಕುವಿನಲ್ಲಿ ಚೂರು ಮಾಡಿದ್ದು
- ಕೊಬ್ಬರಿ 50 ಗ್ರಾಂ, ಸಣ್ಣಗೆ ಹೆಚ್ಚಿದ್ದು
- ಮೊಟ್ಟೆ 1, ಅಥವಾ ಹಾಲು 3 ದೊಡ್ಡ ಚಮಚ
- ಅಡುಗೆ ಸೋಡಾ ಅರ್ಧ ಟೀ ಚಮಚ, ಚಿಟಿಕೆ ಉಪ್ಪು

ಬೆಣ್ಣೆ, ಬೆಲ್ಲ, ಸಕ್ಕರೆ ಹಾಕಿ ಮರದ ಸೌಟಲ್ಲಿ ಐದು ನಿಮಿಷ ಚೆನ್ನಾಗಿ ತಿರುವಿ. ಮೊಟ್ಟೆ ಅಥವಾ ಹಾಲು ಸೇರಿಸಿ. ಮೈದಾ, ಸೋಡಾ, ಉಪ್ಪನ್ನು ಜರಡಿ ಹಿಡಿದು ಹಾಕಿ. ಇಲ್ಲಿಂದಾಚೆಗೆ ಜಾಸ್ತಿ ನಾದಬೇಡಿ, ಬಿಸ್ಕತ್ತು ಗಟ್ಟಿಯಾಗುತ್ತೆ. ಕೊನೆಗೆ ಚಾಕೊಲೇಟ್, ಕೊಬ್ಬರಿ. ಅರ್ಧ ಗಂಟೆ ತಣ್ಣಗಿಡಿ. ಆಮೇಲೆ ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ಸ್ವಲ್ಪ ಒತ್ತಿ, ನಡುವೆ ಜಾಗ ಬಿಟ್ಟು ತಟ್ಟೇಲಿ ಇಡಿ.

ದಪ್ಪ ತಳದ ಹಳೆ ದಬರಿಗೆ ಎರಡು ಬೆರಳು ದಪ್ಪ ಮರಳು ಅಥವಾ ಉಪ್ಪು ಹಾಕಿ. ಅದರ ಮೇಲೆ ಸ್ಟ್ಯಾಂಡು, ಮುಚ್ಚಳ ಮುಚ್ಚಿ ಮಧ್ಯಮ ಉರೀಲಿ ಹತ್ತು ನಿಮಿಷ ಕಾಯಿಸಿ. ತಟ್ಟೆ ಇಟ್ಟು ಸಣ್ಣ ಉರೀಲಿ ಸುಮಾರು 20 ನಿಮಿಷ. ಓವನ್ ಇದ್ದರೆ 170 ಡಿಗ್ರಿ, 12ರಿಂದ 14 ನಿಮಿಷ. ಅಂಚು ಕೆಂಪಾಗಿ ನಡುವೆ ಮೆತ್ತಗಿರುವಾಗಲೇ ತೆಗೀರಿ, ಆರಿದ ಮೇಲೆ ಗಟ್ಟಿಯಾಗುತ್ತೆ. ನಾನ್‌ಸ್ಟಿಕ್ ಪಾತ್ರೆ ಬೇಡ, ಖಾಲಿ ಕಾಯಿಸಿದರೆ ಕೋಟಿಂಗ್ ಹಾಳು.

ಹಸಿ ಕಾಯಿತುರಿ ಯಾಕಲ್ಲ ಅಂದರೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ನೀರು. ಬಿಸ್ಕತ್ತು ಮೆತ್ತಗಾಗುತ್ತೆ, ಬೇಗ ಕೆಡುತ್ತೆ. ಒಣಗಿದ ಕೊಬ್ಬರೀಲಿ ನೀರು ತೀರಾ ಕಡಿಮೆ, ಮೂರರಲ್ಲಿ ಎರಡು ಪಾಲಿನಷ್ಟು ಎಣ್ಣೆಯೇ. ಅದಕ್ಕೇ ಬೆಣ್ಣೆ ಇನ್ನೂ ಜಾಸ್ತಿ ಬೇಕಾಗಲ್ಲ. ಆದರೆ ಹಾಕೋ ಮೊದಲು ಒಂದು ಚೂರು ಬಾಯಿಗೆ ಹಾಕ್ಕೊಳ್ಳಿ. ಕೌಟು ಬಂದಿದ್ದರೆ ಚಾಕೊಲೇಟ್ ಅದನ್ನು ಮುಚ್ಚಲ್ಲ.

ಇನ್ನು ಲೆಕ್ಕ

ನಾನು ಹಿಡಿದ ದರದಲ್ಲಿ 24 ಕುಕೀಸ್‌ಗೆ ಖರ್ಚು: ಮೈದಾ 10, ಬೆಣ್ಣೆ 60, ಬೆಲ್ಲ ಸಕ್ಕರೆ 10, ಚಾಕೊಲೇಟ್ 60, ಹಾಲು 6, ಕೊಬ್ಬರಿ 10, ಗ್ಯಾಸು ಇತ್ಯಾದಿ 10. ಒಟ್ಟು 166 ರೂಪಾಯಿ. ಕೊಬ್ಬರಿ ಮನೇದು ಅಂತ ಸೊನ್ನೆ ಹಾಕಲಿಲ್ಲ, ಕಿಲೋಗೆ 200ರಂತೆ ಹಿಡಿದೆ.

ಚಿಕ್ಕಮ್ಮ "ಒಂದಕ್ಕೆ ಏಳು ರೂಪಾಯಿ ಇಡೋಣ, ಊರೋರೇ ತಾನೆ" ಅಂದರು. 24 ಏಳ್ಲಿ 168. ಅಂದರೆ ಅವರ ಕೈಗೆ ಎರಡು ರೂಪಾಯಿ! ಹತ್ತು ರೂಪಾಯಿಗೆ ಮಾರಿದರೆ 74 ಉಳಿಯುತ್ತೆ. ಹಿಟ್ಟು ಕಲಸೋಕೆ 20 ನಿಮಿಷ. ತಟ್ಟೇಲಿ ಹಿಡಿಯೋದು ಆರೇ, ಹಾಗಾಗಿ ನಾಲ್ಕು ಸಲ ಬೇಯಿಸಬೇಕು, ಅದಕ್ಕೆ 80 ನಿಮಿಷ. ನಮ್ಮ ಆಫೀಸ್ ಭಾಷೇಲಿ ಇದು ಬಾಟಲ್‌ನೆಕ್. ಇಲ್ಲಿ ನಿಧಾನ ಮಾಡ್ತಿರೋದು ಕೈಯಲ್ಲ, ದಬರಿ. ಎರಡನೇ ಒಲೆ ಮೇಲೆ ಇನ್ನೊಂದು ದಬರಿ ಇಟ್ಟರೆ 40 ನಿಮಿಷಕ್ಕೆ ಮುಗಿಯುತ್ತೆ. ಚಾಕೊಲೇಟ್ ಬಿಟ್ಟು ಕೊಬ್ಬರಿ 100 ಗ್ರಾಂ ಮಾಡಿದರೆ ಖರ್ಚು 116ಕ್ಕೆ ಇಳಿದು, ಒಂದು ಗಂಟೆ ಕೆಲಸಕ್ಕೆ 124 ಉಳಿಯುತ್ತೆ.

"ನನ್ನ ಕೆಲಸಕ್ಕೂ ಕೂಲೀನಾ? ಮನೇಲೇ ಇರ್ತೀನಲ್ಲ" ಅಂದರು ಚಿಕ್ಕಮ್ಮ. ಕಾಯಿ ಸುಲಿಯೋರಿಗೆ ಕೂಲಿ ಕೊಡ್ತೀವಿ, ಮರ ಹತ್ತೋರಿಗೂ ಕೊಡ್ತೀವಿ. ಬಿಸಿ ದಬರಿ ಮುಂದೆ ನಿಂತವರಿಗೆ ಮಾತ್ರ ಯಾಕಿಲ್ಲ ಅಂದೆ. ಅವರು ಏನೂ ಹೇಳಲಿಲ್ಲ, ಆದರೆ ಬೆಲೆ ಹತ್ತು ರೂಪಾಯಿ ಅಂತ ತಾವೇ ಬರೆದರು.

ಸದ್ಯ ಎರಡು ಬಗೆ ಮಾಡ್ತಿದ್ದಾರೆ: ಕೊಬ್ಬರಿ ಬೆಲ್ಲದ್ದು ದಿನಾ ಮಾರೋಕೆ, ಚಾಕೊಲೇಟಿಂದು ಯಾರಾದ್ರೂ ಹೇಳಿದರೆ ಮಾತ್ರ, ಅದಕ್ಕೆ ಹನ್ನೆರಡು ರೂಪಾಯಿ. ಮನೆಯಿಂದ ಮಾರೋದಕ್ಕೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಆನ್‌ಲೈನಲ್ಲೇ ಅರ್ಜಿ ಹಾಕಬಹುದು. ಅರ್ಜಿ ಚಿಕ್ಕಮ್ಮನ ಹೆಸರಲ್ಲೇ ಹಾಕಿದ್ದೀವಿ. ಸಂಖ್ಯೆ ಬರೋವರೆಗೆ ಡಬ್ಬಿ ಸಂಘದ ಮೀಟಿಂಗಿಗೆ ರುಚಿ ನೋಡೋಕೆ ಅಷ್ಟೇ.

ನಿಮ್ಮಮ್ಮನೋ ಅತ್ತೆಯೋ ಮನೇಲಿ ಏನಾದ್ರೂ ಮಾಡಿ ಮಾರ್ತಿದ್ದರೆ, ಈ ಭಾನುವಾರ ಪಕ್ಕದಲ್ಲಿ ಕೂತು ಒಂದು ಲೆಕ್ಕ ಹಾಕಿಕೊಡಿ. ಕೈಕೂಲಿ ಅಂತ ಒಂದು ಸಾಲು ಇರಲಿ. ಲೆಕ್ಕ ಮುಗಿದ ಮೇಲೆ ಯುಪಿಐ ಕ್ಯೂಆರ್ ಕೋಡ್ ಅವರ ಅಕೌಂಟಿಂದೇನಾ ಅಂತ ಒಂದ್ಸಲ ನೋಡಿ.