ಮೂರೂವರೆ ಗಂಟೆ ಹೆಚ್ಚಲ್ಲ

ಅಕಿರ ಕುರೊಸಾವಾ ಅವರ ‘ಸೆವೆನ್ ಸಮುರಾಯ್’ (1954) ಚಿತ್ರವನ್ನು ಮೆಚ್ಚಿದವರು ಸಾಮಾನ್ಯವಾಗಿ ಮೊದಲು ನೆನೆಯುವುದು ಮಳೆ, ಕೆಸರುಗಳ ನಡುವಿನ ಕೊನೆಯ ಕಾಳಗವನ್ನು. ಆ ಮೆಚ್ಚುಗೆ ತಪ್ಪಲ್ಲ, ಆದರೆ ಅರ್ಧದ್ದು. 207 ನಿಮಿಷಗಳ ಈ ಚಿತ್ರದ ಬಲವಿರುವುದು ಅದಕ್ಕೂ ಮೊದಲಿನ ಸುದೀರ್ಘ ಸಿದ್ಧತೆಯಲ್ಲಿ. ದರೋಡೆಕೋರರಿಗೆ ಹೆದರಿದ ರೈತರು ಯೋಧರಿಗೆ ಕೊಡಬಲ್ಲ ಕೂಲಿ ಹೊಟ್ಟೆತುಂಬ ಅನ್ನ ಮಾತ್ರ. ಅದಕ್ಕಾಗಿ ತಾವು ಕಿರುಧಾನ್ಯ ತಿಂದು ದಿನ ದೂಡುತ್ತಾರೆ. ಇದು ತಿಳಿದ ಹಿರಿಯ ಯೋಧ ಕಾಂಬೆಯ್ ಆ ಅನ್ನದ ಬಟ್ಟಲನ್ನು ಕೈಗೆತ್ತಿಕೊಂಡು ಮಾತು ಕೊಟ್ಟ ಗಳಿಗೆಯಲ್ಲೇ ಮುಂದಿನ ಯುದ್ಧಕ್ಕೆ ಅರ್ಥ ಬರುತ್ತದೆ. ಊರಿನ ಸೇತುವೆ, ಗದ್ದೆ, ಹೊರಗುಳಿದ ಮೂರು ಮನೆಗಳನ್ನೆಲ್ಲ ನಕ್ಷೆಯೊಂದಿಗೆ ಮೊದಲೇ ತೋರಿಸಿರುವುದರಿಂದ, ಕುದುರೆಗಳು ನುಗ್ಗಿದಾಗ ನಾವೂ ಆ ಊರಿನವರೇ ಆಗಿರುತ್ತೇವೆ.

ಇಷ್ಟು ನಿಧಾನ ಬೇಕಿತ್ತೇ ಎಂಬ ಆಕ್ಷೇಪವಿದೆ. ಇದೇ ಕಥೆಯನ್ನು ಹಾಲಿವುಡ್ 1960ರಲ್ಲಿ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಆಗಿ ಎರಡು ಗಂಟೆಯ ಆಸುಪಾಸಿನಲ್ಲಿ ಹೇಳಿತು. ರಂಜನೆ ಉಳಿಯಿತು, ಹಸಿವಿನ ಭಾರ ಇಳಿಯಿತು. ರೈತರನ್ನು ಪುಕ್ಕಲರಂತೆ, ಕಪಟಿಗಳಂತೆ ತೋರಿಸಲಾಗಿದೆ ಎಂಬ ದೂರು ಇನ್ನೂ ಗಂಭೀರವಾದದ್ದು. ಅದಕ್ಕೆ ಉತ್ತರ ಚಿತ್ರದೊಳಗೇ ಇದೆ. ರೈತರು ಬಚ್ಚಿಟ್ಟ ಕವಚಗಳನ್ನು ಕಂಡು ಯೋಧರು ಕೆರಳಿದಾಗ, ಅವರಲ್ಲೇ ಒಬ್ಬನಾದ, ರೈತನ ಮಗ ಕಿಕುಚಿಯೊ ಸಿಡಿದೇಳುತ್ತಾನೆ: ಊರು ಸುಟ್ಟು, ಬೆಳೆ ದೋಚಿ ಇವರನ್ನು ಹೀಗೆ ಮಾಡಿದವರು ಸಮುರಾಯ್‌ಗಳೇ. ಆ ಪಾತ್ರಧಾರಿ ತೊಶಿರೊ ಮಿಫುನೆ ಈ ಮಾತುಗಳನ್ನಾಡುವಾಗ ಎದುರು ಕುಳಿತ ವೀರರು ತಲೆ ತಗ್ಗಿಸುತ್ತಾರೆ. ಸಾಯುವ ನಾಲ್ವರು ಯೋಧರೂ ಬೀಳುವುದು ಕತ್ತಿಗಲ್ಲ, ಬಂದೂಕಿಗೆ. ಕೊನೆಗೆ ರೈತರು ಹಾಡುತ್ತ ನಾಟಿ ಮಾಡುತ್ತಾರೆ. ಉಳಿದ ಮೂವರು ಗೋರಿಗಳ ದಿಬ್ಬದ ಕೆಳಗೆ ನಿಂತಿರುತ್ತಾರೆ.