ಸ್ಪೋಕ್ಸ್ ಚಕ್ರಕ್ಕೆ ಟ್ಯೂಬ್‌ಲೆಸ್ ಟೈರ್: ಅಂಟನ್ನು ನಂಬಿ ಘಾಟಿ ಇಳಿಯಬಹುದೇ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಬೈಕಿನ ಮಾತು ಬಂದಾಗ ನಾನು ಪದೇ ಪದೇ ಕೇಳುವ ಪ್ರಶ್ನೆ ಇದು: ಸ್ಪೋಕ್ಸ್ ಚಕ್ರದಿಂದ ಟ್ಯೂಬ್ ಕಿತ್ತುಹಾಕಿ, ರಿಮ್ಮಿನ ಒಳಗೆ ಅಂಟು ಬಳಿದು, ಟ್ಯೂಬ್‌ಲೆಸ್ ಟೈರ್ ಕೂರಿಸಿದರೆ ಏನು ತಪ್ಪು? ಹಾಕಿಸಿಕೊಂಡವರು 'ಆರಾಮಾಗಿ ಓಡ್ತಿದೆ ಮಾರಾಯ್ರೇ' ಅಂತಾರೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಟ್ಯೂಬ್‌ಲೆಸ್‌ಗೆಂದೇ ಕಾರ್ಖಾನೆಯಲ್ಲಿ ತಯಾರಾದ ಸ್ಪೋಕ್ಸ್ ಚಕ್ರವಾದರೆ ಧಾರಾಳವಾಗಿ ಹಾಕಿಸಿ. ಟ್ಯೂಬಿಗೆಂದು ಮಾಡಿದ ರಿಮ್ಮಿಗೆ ಅಂಟು ಬಳಿದು ಹಾಕಿಸುವುದು ಬೇಡ, ಮುಂದಿನ ಚಕ್ರಕ್ಕಂತೂ ಬೇಡವೇ ಬೇಡ.

ಆಸೆ ಹುಟ್ಟುವುದು ಯಾಕೆ

ಈ ಆಸೆಯನ್ನು ಶೋಕಿ ಅಂತ ತಳ್ಳಿಹಾಕಲು ಆಗಲ್ಲ. ಇಲ್ಲಿ ಬೈಕ್ ಅಂದರೆ ತೋಟಕ್ಕೆ, ಡೈರಿಗೆ, ಸೊಸೈಟಿಗೆ, ಆಸ್ಪತ್ರೆಗೆ, ಎಲ್ಲದಕ್ಕೂ ಬೇಕಾದ ಗಾಡಿ. ತೋಟದ ಕಲ್ಲುದಾರಿಗೆ ಸ್ಪೋಕ್ಸ್ ಚಕ್ರವೇ ಸರಿ. ಹೊಂಡಕ್ಕೆ ಬಿದ್ದರೆ ಅಲಾಯ್ ವೀಲ್ ಸೀಳು ಬಿಡಬಹುದು. ಸ್ಪೋಕ್ಸ್ ರಿಮ್ ಬೆಂಡಾದರೆ ಊರಿನ ಮೆಕ್ಯಾನಿಕ್ಕೇ ತೆಗೆದುಕೊಡುತ್ತಾನೆ.

ತೊಂದರೆ ಇರುವುದು ಪಂಚರ್‌ನಲ್ಲಿ. ಟ್ಯೂಬಿಗೆ ಮೊಳೆ ಚುಚ್ಚಿದರೆ ಗಾಳಿ ವಾಲ್ವ್ ತೂತಿನಿಂದ, ಸ್ಪೋಕ್ಸ್ ತೂತುಗಳಿಂದ ಬೇಗ ಖಾಲಿಯಾಗುತ್ತದೆ. ಚಕ್ರ ಬಿಚ್ಚಬೇಕು, ಟೈರ್ ಕೀಳಬೇಕು, ಪ್ಯಾಚ್ ಹಾಕಬೇಕು. ನೆಮ್ಮಾರು ದಾಟಿ ಕೆರೆಕಟ್ಟೆ ಹತ್ತಿರವೋ, ಮುತ್ತಿನಕೊಪ್ಪದಿಂದ ಉಂಬ್ಳೆಬೈಲಿನ ಕಡೆ ಹೋಗುವ ಕಾಡುದಾರಿಯಲ್ಲೋ ಸಂಜೆ ಹೀಗಾದರೆ ಪಂಚರ್ ಅಂಗಡಿ ಎಲ್ಲಿದೆ? ಆನೆ ಓಡಾಡುವ ಜಾಗದಲ್ಲಿ ಕತ್ತಲಾದ ಮೇಲೆ ಬೈಕ್ ತಳ್ಳಿಕೊಂಡು ಹೋಗುವ ಭಯ ಅನುಭವಿಸಿದವರಿಗೇ ಗೊತ್ತು. ಟ್ಯೂಬ್‌ಲೆಸ್ ಆದರೆ ಮೊಳೆ ಟೈರಿನಲ್ಲೇ ಕಚ್ಚಿಕೊಂಡಿರುತ್ತದೆ, ಗಾಳಿ ನಿಧಾನಕ್ಕೆ ಇಳಿಯುತ್ತದೆ. ಒಂದು ಸ್ಟ್ರಿಪ್ ತುರುಕಿ ಕೈಪಂಪಿನಲ್ಲಿ ಗಾಳಿ ಹೊಡೆದರೆ ಮನೆ ಸೇರಬಹುದು. ಇಷ್ಟು ಅನುಕೂಲ ಯಾರಿಗೆ ಬೇಡ?

ಟೈರ್ ಅಲ್ಲ, ರಿಮ್ ನೋಡಿ

ನಮ್ಮ ಚರ್ಚೆಯೆಲ್ಲ ಟೈರಿನ ಬಗ್ಗೆ ನಡೆಯುತ್ತದೆ. ಆದರೆ ಸುರಕ್ಷತೆ ಇರುವುದು ರಿಮ್ಮಿನಲ್ಲಿ. ಟ್ಯೂಬ್‌ಲೆಸ್ ರಿಮ್ಮಿನ ಒಳಬದಿ ಮುಟ್ಟಿ ನೋಡಿದರೆ, ಟೈರಿನ ಅಂಚು ಕೂರುವ ಜಾಗದ ಪಕ್ಕ ಸಣ್ಣ ದಿಣ್ಣೆಯಂತಹ ಉಬ್ಬು ಸುತ್ತಲೂ ಸಿಗುತ್ತದೆ. ಗಾಳಿ ಕಮ್ಮಿಯಾದರೂ ಟೈರಿನ ಅಂಚು ಜಾರಿ ರಿಮ್ಮಿನ ನಡುವಿನ ಹಳ್ಳಕ್ಕೆ ಬೀಳದಂತೆ ತಡೆಯುವುದು ಈ ಉಬ್ಬು. ಹಳೆಯ ಮಾದರಿಯ ಟ್ಯೂಬ್ ರಿಮ್ಮುಗಳಲ್ಲಿ ಇದು ಇರುವುದಿಲ್ಲ.

ಉಬ್ಬಿಲ್ಲದ ರಿಮ್ಮಿನಲ್ಲಿ ಟೈರಿನ ಅಂಚನ್ನು ಗೋಡೆಗೆ ಒತ್ತಿ ಹಿಡಿದಿರುವುದು ಗಾಳಿ ಮಾತ್ರ. ಗಾಳಿ ಇಳಿದಾಗ ತಿರುವಿನಲ್ಲಿ ಬೈಕ್ ವಾಲಿಸಿದರೆ ಪಕ್ಕದ ಒತ್ತಡಕ್ಕೆ ಅಂಚು ಒಳಕ್ಕೆ ಸರಿಯಬಹುದು. ಟ್ಯೂಬ್ ಇದ್ದರೆ ಅಂಚು ತುಸು ಸರಿದರೂ ಉಳಿದ ಗಾಳಿ ಟ್ಯೂಬಿನೊಳಗೇ ಇರುತ್ತದೆ. ಟ್ಯೂಬ್ ಇಲ್ಲದಿದ್ದರೆ ಇದ್ದಬದ್ದ ಗಾಳಿಯೆಲ್ಲ ಒಂದೇ ಸಲಕ್ಕೆ ಹೊರಗೆ. ಹಿಂದಿನ ಚಕ್ರವಾದರೆ ಬೈಕ್ ತೂರಾಡುತ್ತದೆ, ಹೇಗೋ ನಿಲ್ಲಿಸಬಹುದು. ಮುಂದಿನ ಚಕ್ರವಾದರೆ ಹ್ಯಾಂಡಲ್ ಕೈಗೆ ಸಿಗುವುದೇ ಕಷ್ಟ.

ನಿಧಾನಕ್ಕೆ ಗಾಳಿ ಬಿಡುವುದು ಟ್ಯೂಬ್‌ಲೆಸ್‌ನ ದೊಡ್ಡ ಗುಣ ಅಂದೆ. ಅಂಟು ಬಳಿದ ಟ್ಯೂಬ್ ರಿಮ್ಮಿನಲ್ಲಿ ಅದೇ ಗುಣ ಮೋಸ ಮಾಡುತ್ತದೆ. ಗಾಳಿ ಇಳಿಯುತ್ತಿರುವುದು ಸವಾರನಿಗೆ ಗೊತ್ತಾಗಲ್ಲ, ಗೊತ್ತಾಗುವಾಗ ಅಂಚು ಹಿಡಿಯಲು ಏನೂ ಇರಲ್ಲ.

ಮಲೆನಾಡಿನಲ್ಲಿ ಅಂಟಿನ ಪಾಡು

ಒಂದು ಚಕ್ರದಲ್ಲಿ 32 ಅಥವಾ 36 ಸ್ಪೋಕ್ಸ್ ಇರುವುದು ಸಾಮಾನ್ಯ. ಪ್ರತಿಯೊಂದಕ್ಕೂ ರಿಮ್ಮಿನಲ್ಲಿ ಒಂದು ತೂತು, ಆ ತೂತಿನಲ್ಲಿ ಒಂದು ನಿಪ್ಪಲ್. ಚಕ್ರ ಒಂದು ಸುತ್ತು ತಿರುಗುವಾಗ ಪ್ರತಿ ಸ್ಪೋಕ್ಸ್ ಮೇಲೂ ಭಾರ ಏರಿಳಿಯುತ್ತದೆ, ನಿಪ್ಪಲ್ ಕಣ್ಣಿಗೆ ಕಾಣದಷ್ಟು ಅಲುಗುತ್ತದೆ. ಆ ಅಲುಗಾಟವನ್ನು ಸಿಲಿಕಾನ್ ಅಂಟು, ಟೇಪು ತಡೆದುಕೊಳ್ಳಬೇಕು. ಚೆನ್ನಾಗಿ ಉಜ್ಜಿ, ಒಣಗಿಸಿ, ಒಳ್ಳೆಯ ಟೇಪು ಸುತ್ತಿದರೆ ಕೆಲವು ಕಾಲ ತಡೆಯುತ್ತದೆ ಎನ್ನುವುದೂ ನಿಜ.

ಆದರೆ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಕ್ರ ನೀರಲ್ಲೇ ಇರುತ್ತದೆ. ಕಬ್ಬಿಣದ ರಿಮ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ತುಕ್ಕಿನ ಮೇಲೆ ಬಳಿದ ಅಂಟು ತುಕ್ಕಿನ ಜೊತೆಗೇ ಎದ್ದು ಬರುತ್ತದೆ. ಹೊಂಡಗಳಿಗೆ ಸ್ಪೋಕ್ಸ್ ಸಡಿಲವಾದಾಗ ಟೈಟ್ ಮಾಡಿಸಬೇಕು, ಅದಕ್ಕೆ ನಿಪ್ಪಲ್ ತಿರುಗಿಸಬೇಕು. ನಿಪ್ಪಲ್ ತಿರುಗಿದರೆ ಅಂಟು ಹರಿಯುತ್ತದೆ. ಅಂಟು ಹಾಳಾಗುತ್ತದಲ್ಲ ಎಂದು ಟೈಟ್ ಮಾಡಿಸುವುದನ್ನು ಮುಂದೂಡಿದರೆ ಸ್ಪೋಕ್ಸ್ ಮುರಿಯುತ್ತವೆ. ಅಂದರೆ ಸುಲಭದ ರಿಪೇರಿ ಎಂಬ ಸ್ಪೋಕ್ಸ್ ಚಕ್ರದ ಲಾಭವನ್ನೇ ಈ ಅಂಟು ಕಿತ್ತುಕೊಳ್ಳುತ್ತದೆ. ಇನ್ನೊಂದು ಅಭ್ಯಾಸ ನಮ್ಮಲ್ಲಿದೆ: ಕೆಸರಿನಲ್ಲಿ ಹಿಡಿತ ಸಿಗಲಿ ಅಂತ ಗಾಳಿ ಕಮ್ಮಿ ಮಾಡುವುದು. ಉಬ್ಬಿಲ್ಲದ ರಿಮ್ಮಿಗೆ ಇದಕ್ಕಿಂತ ಅಪಾಯ ಇನ್ನೊಂದಿಲ್ಲ.

ಬಿದ್ದರೆ ಏನಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನೂರು ಹಾಸಿಗೆಯ ಆಸ್ಪತ್ರೆಗಾಗಿ ಬೀದಿಗಿಳಿದು ಹೋರಾಡಬೇಕಾಗಿ ಬಂದ ಊರು ಶೃಂಗೇರಿ. ತಲೆಗೆ ಪೆಟ್ಟಾದರೆ ಇಲ್ಲಿಂದ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಓಡಬೇಕು, ಮಧ್ಯೆ ಘಾಟಿ ಅಥವಾ ಕಾಡು.

ಕಂಪನಿಗಳಿಗೆ ದಾರಿ ಗೊತ್ತಿದೆ

ಇದು ಪರಿಹಾರವಿಲ್ಲದ ಸಮಸ್ಯೆಯೇನೂ ಅಲ್ಲ. ಬಿಎಂಡಬ್ಲ್ಯು 1987ರಲ್ಲೇ ಆರ್100ಜಿಎಸ್ ಬೈಕಿನಲ್ಲಿ ಸ್ಪೋಕ್ಸ್‌ಗಳನ್ನು ರಿಮ್ಮಿನ ಹೊರ ಅಂಚಿಗೆ ಜೋಡಿಸಿತು. ತೂತುಗಳೆಲ್ಲ ಗಾಳಿ ತುಂಬುವ ಜಾಗದ ಹೊರಗೆ ಹೋದ ಮೇಲೆ ಅಂಟಿನ ಮಾತೇ ಇಲ್ಲ. ಭಾರತದಲ್ಲೂ 2023ರ ನವೆಂಬರ್‌ನಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ಗೆ ಮೊದಲು ಟ್ಯೂಬ್ ಚಕ್ರವೇ ಇತ್ತು. ಟ್ಯೂಬ್‌ಲೆಸ್ ಸ್ಪೋಕ್ಸ್ ಚಕ್ರ 2024ರಲ್ಲಿ ಬಂತು, ಹತ್ತು ಸಾವಿರಕ್ಕೂ ಹೆಚ್ಚು ರೂಪಾಯಿಯ ಹೆಚ್ಚುವರಿ ಬೆಲೆಗೆ. ಕೊಳ್ಳುವ ಶಕ್ತಿ ಇರುವವರು ಕೊಂಡರು. ಹಳೆಯ ಬುಲೆಟ್, ಸ್ಪ್ಲೆಂಡರ್, ಎಕ್ಸ್‌ಪಲ್ಸ್ ಇಟ್ಟುಕೊಂಡವರ ಮುಂದೆ ಉಳಿದಿದ್ದು ಅಂಟಿನ ದಾರಿ.

ಸರ್ಕಾರದ ಪಾತ್ರವೂ ವಿಚಿತ್ರವಾಗಿದೆ. ಟೈರಿಗೆ ಐಎಸ್‌ಐ ಗುರುತು ಕಡ್ಡಾಯ. 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಆದರೆ ಟೈರ್ ರಿಮ್ಮಿನಿಂದ ಜಾರಿದರೆ ಎಬಿಎಸ್ ಏನು ಮಾಡೀತು? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಆರ್‌ಸಿಯಲ್ಲಿನ ವಿವರಕ್ಕೆ ಹೊಂದದ ಮಾರ್ಪಾಡು ಮಾಡಬಾರದು ಅನ್ನುತ್ತದೆ. ಚಕ್ರದೊಳಗೆ ಟ್ಯೂಬ್ ಇದೆಯೋ ಇಲ್ಲವೋ ಎಂಬುದು ಆರ್‌ಸಿಯಲ್ಲೇ ಇರುವುದಿಲ್ಲ. ಸೈಲೆನ್ಸರ್ ಬದಲಿಸಿದರೆ ಪೊಲೀಸರ ಕಿವಿಗೆ ಬೀಳುತ್ತದೆ. ರಿಮ್ಮಿನ ಒಳಗಿನ ಅಂಟು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಂತ ಅಂಟು ಬಳಿಯುವ ಮೆಕ್ಯಾನಿಕ್ ಮೇಲೆ ಕೇಸು ಹಾಕಿ ಎಂದು ನಾನು ಹೇಳುತ್ತಿಲ್ಲ. ಜನರ ತೊಂದರೆಗೆ ಕೈಗೆ ಸಿಕ್ಕ ಉಪಾಯ ಕೊಡುತ್ತಿದ್ದಾನೆ ಅಷ್ಟೇ. ಕೇಳಬೇಕಾದ್ದು ಕಂಪನಿಗಳನ್ನು. ಕೆಸರು ಹಾರಿಸುವ ಜಾಹೀರಾತು ತೋರಿಸಿ ಮಾರುವ ಸ್ಪೋಕ್ಸ್ ಬೈಕುಗಳಿಗೆಲ್ಲ ಟ್ಯೂಬ್‌ಲೆಸ್ ಚಕ್ರದ ಆಯ್ಕೆ ಕೊಡಿ. ಹಳೆಯ ಬೈಕುಗಳಿಗೂ ಹೊಂದುವ ಚಕ್ರವನ್ನು ಬಿಡಿಯಾಗಿ ಮಾರಿ. ಟ್ಯೂಬ್ ಇಲ್ಲದೆ ಓಡಿಸಬಾರದು ಎನ್ನುವ ಸೂಚನೆಯನ್ನು ರಿಮ್ಮಿನ ಮೇಲೆ ಕನ್ನಡದಲ್ಲೇ ಅಂಟಿಸಿ.

ಅಲ್ಲಿಯವರೆಗೆ

ನಿಮ್ಮ ರಿಮ್ಮಿನ ಮೇಲಿನ ಅಕ್ಷರ ಓದಿ. ಅಳತೆಯ ಜೊತೆ 'ಎಂಟಿ' ಎಂದಿದ್ದರೆ ಉಬ್ಬಿರುವ ಆಕಾರದ ರಿಮ್, 'ಡಬ್ಲ್ಯುಎಂ' ಎಂದಿದ್ದರೆ ಉಬ್ಬಿಲ್ಲದ್ದು. 'ಎಂಟಿ' ಇದ್ದ ಮಾತ್ರಕ್ಕೆ ಸ್ಪೋಕ್ಸ್ ತೂತು ಮುಚ್ಚಿದೆ ಎಂದರ್ಥವಲ್ಲ, ಟ್ಯೂಬ್‌ಲೆಸ್‌ಗೆ ಯೋಗ್ಯ ಎಂದು ಕಂಪನಿ ಹೇಳಿರಲೇಬೇಕು. ಟ್ಯೂಬ್ ರಿಮ್ಮಿಗೆ ಟ್ಯೂಬ್‌ಲೆಸ್ ಟೈರ್ ಹಾಕಲೇಬೇಕಾದರೆ, ಸರಿಯಾದ ಅಳತೆಯ ಹೊಸ ಟ್ಯೂಬ್ ಒಳಗೆ ಇಟ್ಟೇ ಹಾಕಿಸಿ, ಅದಕ್ಕೂ ಟೈರ್ ಕಂಪನಿಯ ಒಪ್ಪಿಗೆ ಇದೆಯಾ ಕೇಳಿಕೊಳ್ಳಿ. ಒಂದು ಸ್ಪೇರ್ ಟ್ಯೂಬ್, ಎರಡು ಟೈರ್ ಲಿವರ್, ಒಂದು ಪಂಪು ಸೀಟಿನ ಹಿಂದೆ ಕಟ್ಟಿಕೊಳ್ಳಿ. ಈಗಾಗಲೇ ಅಂಟು ಹಾಕಿಸಿಕೊಂಡವರು ಮಳೆಗಾಲಕ್ಕೆ ಮೊದಲು ಮುಂದಿನ ಚಕ್ರಕ್ಕಾದರೂ ಟ್ಯೂಬ್ ವಾಪಸ್ ಹಾಕಿಸಿ. ಹಿಂದಿನದನ್ನು ಹಾಗೇ ಓಡಿಸುವವರು ದಿನಾ ಬೆಳಿಗ್ಗೆ ಗೇಜ್ ಹಿಡಿದು ಗಾಳಿ ನೋಡಿಯೇ ಹೊರಡಿ.