ಒಕ್ಕಣೆ ಕಣದಲ್ಲಿ ಕೈ ಹೋದರೆ ಹೊಣೆ ಯಾರದು?



ರಾಗಿ ಒಕ್ಕಣೆ ಎಂದರೆ ಈಗ ಎಲ್ಲರಿಗೂ ಅವಸರ. ಮೆದೆ ಒಡೆದು, ಟ್ರ್ಯಾಕ್ಟರಿಗೆ ಒಕ್ಕಣೆ ಯಂತ್ರ ಜೋಡಿಸಿ, ನಾಲ್ಕಾರು ಆಳುಗಳನ್ನು ನಿಲ್ಲಿಸಿ ಒಂದೇ ಹಗಲಿನಲ್ಲಿ ಕಣ ಮುಗಿಸಬೇಕು. ಮೋಡ ಕಂಡರಂತೂ ರಾತ್ರಿ ದೀಪ ಹಾಕಿಕೊಂಡು ಯಂತ್ರಕ್ಕೆ ಸಿವುಡು ಕೊಡುವುದುಂಟು. ಈ ವಾರ ಬೀಜ, ಗೊಬ್ಬರದ ಮಾತು ಬಿಟ್ಟು, ಆ ಯಂತ್ರದ ಬಾಯಿಯ ಮುಂದೆ ನಿಲ್ಲುವವರ ವಿಚಾರ ಬರೆಯುತ್ತಿದ್ದೇನೆ. ಅದಕ್ಕೆ ಕಾರಣವಿದೆ.

2016ರಲ್ಲಿ ನನ್ನ ವ್ಯಾಪ್ತಿಯ ಹಳ್ಳಿಯೊಂದರಲ್ಲಿ ಸಿವುಡು ಕೊಡುತ್ತಿದ್ದ ಸುಮಾರು ನಲವತ್ತು ವರ್ಷದ ಹೆಣ್ಣುಮಗಳ ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಯಂತ್ರ, ಟ್ರ್ಯಾಕ್ಟರು, ಕಣ ಎಲ್ಲವೂ ಒಬ್ಬರದೇ. ಆ ಯಜಮಾನರು ಕೆಟ್ಟವರಲ್ಲ. ತಾವೇ ಆಸ್ಪತ್ರೆಗೆ ಸೇರಿಸಿ ಹಗಲು ರಾತ್ರಿ ಕಾದರು. ಹದಿನೈದು ದಿನದ ಮೇಲೆ ಅರಳಿಕಟ್ಟೆಯಲ್ಲಿ ಹಿರಿಯರು ಸೇರಿ ಮೂವತ್ತು ಸಾವಿರ ರೂಪಾಯಿ ಕೊಡಿಸಿದರು. 'ಇನ್ನು ಮುಂದೆ ಯಾವ ತಕರಾರೂ ಇಲ್ಲ' ಎಂಬ ಕಾಗದಕ್ಕೆ ಆಕೆ ಎಡಗೈ ಹೆಬ್ಬೆಟ್ಟು ಒತ್ತಿದಳು. ಬೇರೆ ಕೆಲಸಕ್ಕೆ ಹೋಗಿದ್ದ ನನ್ನನ್ನು ಕರೆದು, "ಸಾಹೇಬರೇ, ಓದಿದವರು, ನೀವೊಂದು ಸಾಕ್ಷಿ ರುಜು ಹಾಕಿ" ಎಂದರು. ಹಾಕಿದೆ. ನ್ಯಾಯವಾದ ತೀರ್ಮಾನವೆಂದೇ ನಂಬಿ ಬಂದೆ.

ಮೂರು ವರ್ಷದ ಮೇಲೆ ತರಬೇತಿಯೊಂದರಲ್ಲಿ ಕಾರ್ಮಿಕ ಕಾನೂನು ತಿಳಿದ ವಕೀಲರೊಬ್ಬರ ಮಾತು ಕೇಳಿದಾಗ ನಾನು ಎಂಥ ಕಾಗದಕ್ಕೆ ರುಜು ಹಾಕಿದ್ದೆನೆಂಬುದು ಗೊತ್ತಾಯಿತು. ಬಿ.ಎಸ್ಸಿ. ಕೃಷಿಯಲ್ಲಿ ಒಕ್ಕಣೆ ಯಂತ್ರದ ವೇಗ, ಕಾಳಿನ ನಷ್ಟ ಎಲ್ಲ ಓದಿದ್ದೆವು. ಇದನ್ನು ಯಾರೂ ಹೇಳಿರಲಿಲ್ಲ.

ಕಾರ್ಖಾನೆಯಲ್ಲಿ ಪೆಟ್ಟಾದರೆ ಪರಿಹಾರ, ಹೊಲದಲ್ಲಿ ಆದರೆ ಹಣೆಬರಹ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಅದು ತಪ್ಪು. ಪರಿಹಾರದ ಕಾಯ್ದೆ 1923ರಿಂದಲೇ ಇತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕಾಯ್ದೆಯ ಹೆಸರು ಬದಲಾದರೂ ಹೊಣೆ ಬದಲಾಗಿಲ್ಲ. ಟ್ರ್ಯಾಕ್ಟರು ಅಥವಾ ವಿದ್ಯುತ್ ಯಂತ್ರದಿಂದ ಮಾಡುವ ಬೇಸಾಯ, ಯಂತ್ರದ ಕೊಯ್ಲು ಮತ್ತು ಒಕ್ಕಣೆ, ಕೀಟನಾಶಕ ಸಿಂಪಡಣೆ, ಇವೆಲ್ಲ ಪಟ್ಟಿಯಲ್ಲಿ ಸೇರಿವೆ. ದಿನಗೂಲಿಯವರೆಂದು ತಳ್ಳಿಹಾಕಲು ಮೊದಲು ಅವಕಾಶವಿತ್ತು, ಅದನ್ನು 2000ದ ತಿದ್ದುಪಡಿಯಲ್ಲೇ ತೆಗೆದರು. ಯಜಮಾನನ ತಪ್ಪಿತ್ತೆಂದು ಆಳು ತೋರಿಸಬೇಕಾಗಿಯೂ ಇಲ್ಲ. ಕೆಲಸ ಮಾಡುತ್ತಿದ್ದಾಗ, ಆ ಕೆಲಸದಿಂದಲೇ ಪೆಟ್ಟಾಯಿತು ಎಂದಿದ್ದರೆ ಸಾಕು.

ಎಷ್ಟು ಬರುತ್ತದೆ ಎಂದು ಕೇಳುತ್ತೀರಿ. ಒಂದು ಲೆಕ್ಕ ಹಾಕೋಣ. ವಯಸ್ಸು 40, ತಿಂಗಳ ಕೂಲಿ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಕೂಲಿಯ ನೂರಕ್ಕೆ 60 ಪಾಲು, ಅಂದರೆ 6,000. ಇದನ್ನು ಆ ವಯಸ್ಸಿಗೆ ಗೊತ್ತುಮಾಡಿದ 184.17 ಎಂಬ ಅಂಕಿಯಿಂದ ಗುಣಿಸಿದರೆ 11,05,020 ರೂಪಾಯಿ. ಇದು ದುಡಿಯುವ ಶಕ್ತಿ ಪೂರ್ತಿ ಹೋದವರಿಗೆ. ಒಂದು ಹಸ್ತ ಹೋದರೆ ದುಡಿಮೆಯ ನಷ್ಟ ನೂರಕ್ಕೆ 60 ಎಂದು ಕಾಯ್ದೆಯ ಪಟ್ಟಿ ಹೇಳುತ್ತದೆ. ಆ ಪ್ರಕಾರ 6,63,012 ರೂಪಾಯಿ. ಹೆಬ್ಬೆರಳು ಒಂದೇ ಹೋದರೂ ನೂರಕ್ಕೆ 30 ನಷ್ಟ. ಆಸ್ಪತ್ರೆಯ ಖರ್ಚು ಬೇರೆ, ಅದೂ ಯಜಮಾನನದೇ. ಮೂವತ್ತು ಸಾವಿರವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಅರಳಿಕಟ್ಟೆಯ ಕಾಗದದ ಬೆಲೆಯೇನು? ಪರಿಹಾರದ ಹಕ್ಕನ್ನೇ ಬಿಟ್ಟುಕೊಡುವ ಕರಾರು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಆಳು ತೀರಿಕೊಂಡಾಗ ಪರಿಹಾರದ ಹಣವನ್ನು ಅಧಿಕಾರಿಯ ಬಳಿಯೇ ಠೇವಣಿ ಇಡಬೇಕು. ಮನೆಯವರ ಕೈಗೆ ನೇರವಾಗಿ ಕೊಟ್ಟದ್ದು ಪರಿಹಾರವೆಂದು ಲೆಕ್ಕಕ್ಕೆ ಬಾರದು. ಹಾಗಾಗಿ ಪಂಚಾಯಿತಿಯಲ್ಲಿ ಮುಗಿಸಿಕೊಂಡೆ ಎಂದು ನೆಮ್ಮದಿಯಾಗಿರುವ ಯಜಮಾನರಿಗೂ ಆ ನೆಮ್ಮದಿ ಸುಳ್ಳು. ಕೊಡಬೇಕಾದದ್ದನ್ನು ತಡಮಾಡಿದರೆ ಬಡ್ಡಿ ಬೀಳುತ್ತದೆ, ದಂಡವೂ ಬೀಳಬಹುದು.

ಆದರೆ ಅರ್ಜಿಗೆ ಎರಡು ವರ್ಷದ ಗಡುವಿದೆ. ತಕ್ಕ ಕಾರಣ ತೋರಿಸಿದರೆ ತಡವನ್ನು ಮನ್ನಿಸಬಹುದು, ಆದರೆ ಅದನ್ನು ನಂಬಿ ಕೂರಬಾರದು. ನನಗೆ ತಿಳಿಯುವ ಹೊತ್ತಿಗೆ ಆ ಹೆಣ್ಣುಮಗಳ ಗಡುವು ದಾಟಿತ್ತು. ಹೋಗಿ ಹೇಳಿದೆ. "ಬಿಡಿ ಸ್ವಾಮಿ, ಅವರ ಹೊಲದಲ್ಲೇ ಇನ್ನೂ ಕೂಲಿಗೆ ಹೋಗಬೇಕು" ಎಂದಳು.

ನಿಮ್ಮಲ್ಲಿ ಹಲವರು ಈಗ ಸಿಟ್ಟಾಗಿರಬಹುದು. ನಾವೇ ಸಾಲದಲ್ಲಿದ್ದೇವೆ, ಆರು ಲಕ್ಷಕ್ಕೆ ಎಲ್ಲಿ ಹೋಗೋಣ ಎಂಬುದು ನ್ಯಾಯವಾದ ಪ್ರಶ್ನೆ. ಮೂರೆಕರೆ ಮಾರಿ ಕೊಡಿ ಎಂದು ನಾನು ಹೇಳಲಾರೆ. ದಾರಿ ಇರುವುದು ವಿಮೆಯಲ್ಲಿ. ಆಳುಗಳ ಪರಿಹಾರಕ್ಕೆಂದೇ ವಿಮಾ ಕಂಪನಿಗಳು ಪಾಲಿಸಿ ಕೊಡುತ್ತವೆ. ಯಂತ್ರವನ್ನು ಬಾಡಿಗೆಗೆ ಬಿಡುವವರು ಅದನ್ನು ಮಾಡಿಸಿ, ಗಂಟೆಯ ಬಾಡಿಗೆಯಲ್ಲಿ ಅದರ ಖರ್ಚು ಸೇರಿಸಲಿ. ಯಂತ್ರ ಕರೆಸುವ ನೀವು ಡೀಸೆಲ್ ಯಾರದು ಎಂದು ಕೇಳುವಂತೆ ಪಾಲಿಸಿ ಇದೆಯೇ ಎಂದೂ ಕೇಳಿ. ಯಂತ್ರ ಬಾಡಿಗೆಯದಾದರೂ ಸಿವುಡು ಕೊಡುವ ಆಳು ನಿಮ್ಮವರಾಗಿದ್ದರೆ ಹೊಣೆ ನಿಮ್ಮ ಬಾಗಿಲಿಗೇ ಬರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಸಹಾಯಧನದಲ್ಲಿ ಒಕ್ಕಣೆ ಯಂತ್ರ ಕೊಡುವಾಗಲೇ ಈ ಪಾಲಿಸಿಯನ್ನು ಕಡ್ಡಾಯ ಮಾಡಬೇಕು. ಯಂತ್ರಕ್ಕೆ ಸಾವಿರಾರು ರೂಪಾಯಿ ಕೊಡುವ ಸರ್ಕಾರಕ್ಕೆ ಇದು ದೊಡ್ಡ ಮಾತಲ್ಲ. ಇಲಾಖೆಯ ಒಳಗಿದ್ದುಕೊಂಡೇ ಇದನ್ನು ಹೇಳುತ್ತಿದ್ದೇನೆ.

ಯಂತ್ರದ ಬಾಯಿಯ ಬಗ್ಗೆಯೂ ಒಂದು ಮಾತು. ಸಿವುಡು ನೂಕುವ ತಗಡಿನ ದೋಣಿ ಕನಿಷ್ಠ 90 ಸೆಂಟಿಮೀಟರ್ ಉದ್ದವಿದ್ದು, ಅದರಲ್ಲಿ 45 ಸೆಂಟಿಮೀಟರ್ ಮೇಲೆ ಮುಚ್ಚಿರಬೇಕೆಂಬುದು ಭಾರತೀಯ ಮಾನಕ. ಕೈ ಎಷ್ಟು ಚಾಚಿದರೂ ಒಳಗಿನ ಉರುಳೆಗೆ ಎಟುಕಬಾರದೆಂದೇ ಈ ಅಳತೆ. ಕೆಲಸ ಬೇಗ ಸಾಗಲೆಂದು ಆ ಮುಚ್ಚಳ ಬಿಚ್ಚಿಡುವವರನ್ನು ನಾನು ಕಂಡಿದ್ದೇನೆ. ಇಂಥ ಯಂತ್ರಗಳಿಗೆಂದೇ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ಬಂತು. ಕಾಯ್ದೆ ದೆಹಲಿಯಲ್ಲಿ ಆಯಿತು, ಮುಚ್ಚಳ ಬಿಚ್ಚಿದ್ದು ನಮ್ಮ ಕಣದಲ್ಲಿ.

20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ವಿಮೆಯನ್ನು ಆಳು, ಒಡೆಯ ಇಬ್ಬರೂ ಬ್ಯಾಂಕಿನಲ್ಲಿ ಮಾಡಿಸಿಕೊಳ್ಳಿ. ಅಪಘಾತದಲ್ಲಿ ಒಂದು ಕೈ ಹೋದರೆ ಅದರಿಂದ ಒಂದು ಲಕ್ಷ ಬರುತ್ತದೆ. ಅದು ಬಂತೆಂದು ಯಜಮಾನನ ಹೊಣೆ ತೀರುವುದಿಲ್ಲ.

ಈಗ ಓದುತ್ತಿರುವವರಲ್ಲಿ ಯಾರಿಗಾದರೂ, ಅಥವಾ ಅವರ ಮನೆಯವರಿಗೆ, ಕಳೆದ ಎರಡು ವರ್ಷದೊಳಗೆ ಇಂಥ ಪೆಟ್ಟಾಗಿದ್ದರೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದೇವೆಂದು ಸುಮ್ಮನಿರಬೇಡಿ. ಆಸ್ಪತ್ರೆಯ ಚೀಟಿ, ಗಾಯದ ಸರ್ಟಿಫಿಕೇಟು, ಆ ದಿನ ಕಣದಲ್ಲಿದ್ದವರ ಹೆಸರು ಬರೆದಿಟ್ಟುಕೊಂಡು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ. ಅರ್ಜಿ ಯಾರಿಗೆ ಸಲ್ಲಬೇಕೆಂದು ಅಲ್ಲಿ ಕೇಳಿ ತಿಳಿದುಕೊಳ್ಳಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ; ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಅಲ್ಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.